ದೋಣಿಯ ಹಿಂಹಲಗೆ: ನಾವು ಕೆಡಿಸಿದ್ದು, ನಾವು ಕಲಿತದ್ದು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಮಾವೇಶದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವೇನೂ ಭಾಷಣಕಾರರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕೆ ಇಳಿದವರು. ಸಂಘ ಹುಟ್ಟಿದ ಕಥೆ, ಲಾಭ, ಬೋನಸ್ಸು, ಪಶು ಆಹಾರ ಎಲ್ಲವನ್ನೂ ನಮಗಿಂತ ತಿಳಿದವರು ಈಗಾಗಲೇ ಹೇಳಿದ್ದಾರೆ. ಕಾರ್ಯದರ್ಶಿಯವರು ನಮಗೆ "ನೀವು ದೋಣಿ ವಿಷಯ ಹೇಳಿ, ಸ್ಮರಣ ಸಂಚಿಕೆಗೂ ಆಗುತ್ತದೆ" ಎಂದರು. ಒಪ್ಪಿಕೊಂಡೆವು. ದೋಣಿಯ ಎಲ್ಲಾ ಭಾಗವನ್ನೂ ಹೇಳುತ್ತಾ ಕೂತರೆ ಸಂಜೆ ಹಾಲು ಕರೆಯುವ ಹೊತ್ತು ತಪ್ಪುತ್ತದೆ. ಆದ್ದರಿಂದ ಒಂದೇ ಒಂದು ಭಾಗದ ವಿಷಯ ಹೇಳುತ್ತೇವೆ. ಅದು ದೋಣಿಯ ಹಿಂದಿನ ಅಡ್ಡ ಹಲಗೆ. ಇಂಗ್ಲಿಷಿನಲ್ಲಿ ಅದಕ್ಕೆ ಟ್ರಾನ್ಸಮ್ ಎನ್ನುತ್ತಾರೆ. ನಾವು ಹಿಂಹಲಗೆ ಎಂದೇ ಹೇಳುತ್ತೇವೆ.

ಇದರಲ್ಲಿ ಹೇಳುವುದೇನು ಎಂದು ಕೆಲವರು ನಗಬಹುದು. ಆದರೆ ನಮ್ಮ ಮೊದಲನೇ ದೋಣಿ ಹೋದದ್ದು ಈ ಒಂದು ಹಲಗೆಯಿಂದ. ಮೂರು ಮಕ್ಕಳು ನೀರಿಗೆ ಬಿದ್ದದ್ದೂ ಇದರಿಂದಲೇ. ಅದರ ತಪ್ಪು ಯಾರದು ಎಂಬುದು ನಮ್ಮ ನಡಾವಳಿ ಪುಸ್ತಕದಲ್ಲಿ ಇಂದಿಗೂ ಸರಿಯಾಗಿ ಬರೆದಿಲ್ಲ. ಅದನ್ನು ಹೇಳಲಿಕ್ಕಾಗಿಯೇ ನಾವು ಇವತ್ತು ನಿಂತದ್ದು.

ದೋಣಿ ಯಾಕೆ ಬೇಕಾಯಿತು

ಇದು ಹಿರಿಯರಿಗೆ ಹೇಳಬೇಕಾದ್ದಲ್ಲ, ಆದರೂ ಸಣ್ಣವರಿಗಾಗಿ ಹೇಳುತ್ತೇವೆ. ಶರಾವತಿಗೆ ಮೊದಲು 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಆಯಿತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಆಗಿ, ಆ ಹಳೇ ಕಟ್ಟೆಯೇ ನೀರಿನಡಿಗೆ ಹೋಯಿತು. ಲಿಂಗನಮಕ್ಕಿ ತುಂಬಿದರೆ 1819 ಅಡಿ ಮಟ್ಟ. ಆ ಮಟ್ಟಕ್ಕೆ ನೀರು ಬಂದಾಗ ನಮ್ಮ ಊರಿಗೂ ಆಚೆ ಕೇರಿಗೂ ನಡುವೆ ಕೈ ಚಾಚಿದ ಹಾಗೆ ಹಿನ್ನೀರು ನಿಲ್ಲುತ್ತದೆ. ರಸ್ತೆಯಲ್ಲಿ ಸುತ್ತಿ ಬಂದರೆ ಅರ್ಧ ದಿನ. ನೀರಿನ ಮೇಲೆ ಬಂದರೆ ಕಾಲು ಗಂಟೆ. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಆಯಿತು, ಆ ಕಡೆಯವರಿಗೆ ದೊಡ್ಡ ಉಪಕಾರವಾಯಿತು. ಆದರೆ ಹಿನ್ನೀರಿನ ಪ್ರತಿ ಮೂಲೆಗೂ ಸೇತುವೆ ಕಟ್ಟಲು ಆಗುತ್ತದೆಯೇ? ನಮ್ಮ ಆಚೆ ಕೇರಿಗೆ ಇನ್ನೂ ದೋಣಿಯೇ ಗತಿ.

ಸಂಘ ಪ್ರಾರಂಭವಾದಾಗ ಆಚೆ ಕೇರಿಯವರು ತೆಪ್ಪದಲ್ಲಿ ಹಾಲು ತರುತ್ತಿದ್ದರು. ಮಳೆಗಾಲದ ಗಾಳಿಗೆ ತೆಪ್ಪ ಒಂದು ಕಡೆ ಹೊರಟರೆ ಇನ್ನೊಂದು ಕಡೆ ದಡ ಹತ್ತುತ್ತಿತ್ತು. ಅಷ್ಟರಲ್ಲಿ ಹಾಲು ಒಡೆದಿರುತ್ತಿತ್ತು. 2013ರಲ್ಲಿ ನಾವು ನಾಲ್ಕು ಜನ, ನಾವು, ನಮ್ಮ ಭಾವ, ಊರಿನ ಆಚಾರ್ರು, ಮತ್ತು ಎಲ್ಲರೂ ದೋಣಿಯಣ್ಣ ಎಂದು ಕರೆಯುವ ಆಚೆ ಕೇರಿಯ ಹಿರಿಯರು, ಸೇರಿ ಒಂದು ಪ್ಲೈವುಡ್ ದೋಣಿ ಮಾಡುವುದು ಎಂದು ಹೊರಟೆವು. ಹದಿನಾರು ಅಡಿ ಉದ್ದ, ಐದು ಅಡಿ ಅಗಲ, ಚಪ್ಪಟೆ ಅಡಿ. ಸಂಘ ಸಾಮಾನಿಗೆ ಹಣ ಕೊಟ್ಟಿತು, ಕೂಲಿ ನಮ್ಮದೇ. ಕರಾವಳಿಯಿಂದ ಒಂದು ಹಳೇ 8 ಎಚ್.ಪಿ. ಎಂಜಿನ್ ತಂದೆವು. ದೋಣಿಯ ಹಿಂದಕ್ಕೆ ನೇತುಹಾಕುತ್ತಾರಲ್ಲ, ಆ ತರಹದ್ದು.

ಮೊದಲನೇ ದೋಣಿಯಲ್ಲಿ ಮಾಡಿದ ತಪ್ಪು

ಮುಂದಿನ ಮೂತಿ, ಪಕ್ಕದ ಹಲಗೆ, ಕೂರುವ ಹಲಗೆ, ಎಲ್ಲದಕ್ಕೂ ಬಹಳ ತಲೆ ಕೆಡಿಸಿಕೊಂಡೆವು. ಹಿಂಹಲಗೆಗೆ ಮಾತ್ರ ತಲೆ ಹಾಕಲಿಲ್ಲ. ಅದು ಎತ್ತಿನ ಗಾಡಿಯ ಹಿಂದಿನ ಹಲಗೆ ಇದ್ದ ಹಾಗೆ, ಸಾಮಾನು ಜಾರದಂತೆ ಮುಚ್ಚಿದರೆ ಆಯಿತು ಎಂದು ತಿಳಿದಿದ್ದೆವು. ಎಲ್ಲಾ ತಪ್ಪೂ ಆ ತಿಳಿವಳಿಕೆಯಿಂದಲೇ ಶುರುವಾಯಿತು.

ಉಳಿದಿದ್ದ 12 ಮಿಲಿಮೀಟರ್ ಪ್ಲೈವುಡ್ಡಿನ ತುಂಡನ್ನೇ ಹಿಂದಕ್ಕೆ ಹೊಡೆದೆವು. ಒಳಗಡೆಯಿಂದ ಒಂದು ಹಸಿ ಮರದ ಹಲಗೆ ಕೊಟ್ಟೆವು. ಬಾಗಿಲು ಕಪಾಟಿಗೆ ಹಾಕುವ ಬಿಳಿ ಅಂಟು, ಕಬ್ಬಿಣದ ಸ್ಕ್ರೂ. ಆಚಾರ್ರು "ಇನ್ನೊಂದು ದಪ್ಪ ಹಾಳೆ ತಂದರೆ ಒಳ್ಳೇದಿತ್ತು" ಎಂದರು. ನಾವೇ "ಬೇಡ ಆಚಾರ್ರೇ, ಸಂಘದ ದುಡ್ಡು, ಉಳಿಸೋಣ" ಎಂದೆವು. ಉಳಿಸಿದ್ದು ಒಂದು ಹಾಳೆಯ ದುಡ್ಡು, ಮೂರು ಸಾವಿರಕ್ಕೂ ಕಡಿಮೆ.

ಎರಡನೇ ತಪ್ಪು ಎತ್ತರದ್ದು. ದೋಣಿಗೆ ನೀರು ನುಗ್ಗಬಾರದೆಂದು ಹಿಂಹಲಗೆಯನ್ನು 20 ಇಂಚು ಎತ್ತರ ಮಾಡಿದೆವು. ನಾವು ತಂದ ಎಂಜಿನ್ ಗಿಡ್ಡ ಶಾಫ್ಟಿನದು, 15 ಇಂಚಿನ ಹಲಗೆಗೆ ಮಾಡಿದ್ದು. ಕೂರಿಸಿ ಚಾಲೂ ಮಾಡಿದರೆ ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಫ್ಯಾನು ನೀರಿನ ಮೇಲ್ಮೈಗೆ ಹತ್ತಿರವಾಗಿ ಗಾಳಿ ಎಳೆದುಕೊಳ್ಳುತ್ತಿತ್ತು. ಅದಕ್ಕೆ ಏನು ಮಾಡಿದೆವು? ಗರಗಸ ತಗೊಂಡು ಹಲಗೆಯ ನಡುವೆ ಐದು ಇಂಚು ಕಚ್ಚು ತೆಗೆದುಬಿಟ್ಟೆವು. ದೋಣಿ ಓಡಿತು, ಚಪ್ಪಾಳೆಯೂ ಬಿತ್ತು. ಆದರೆ ಮೊದಲೇ ತೆಳ್ಳಗಿದ್ದ ಹಲಗೆಯ ಮೇಲಂಚನ್ನು ನಡುವಿನಲ್ಲಿ ನಾವೇ ಕಡಿದು ಹಾಕಿದ್ದೆವು.

ಮೂರನೆಯದು, ಹಲಗೆಯನ್ನು ನೆಟ್ಟಗೆ ನಿಲ್ಲಿಸಿದ್ದು. ಎಂಜಿನ್ನಿನ ಬ್ರಾಕೆಟ್ಟು ಹಿಂದಕ್ಕೆ ವಾಲಿದ ಹಲಗೆಗೆಂದು ಮಾಡಿರುತ್ತದೆ. ನೆಟ್ಟಗಿನ ಹಲಗೆಗೆ ಕೂರಿಸಿದರೆ ಫ್ಯಾನು ಒಳಕ್ಕೆ, ದೋಣಿಯ ಅಡಿಯ ಕಡೆಗೆ ವಾಲುತ್ತದೆ. ಆಗ ದೋಣಿಯ ಮೂತಿ ನೀರಿಗೆ ಒತ್ತಿಕೊಂಡು ಹೋಗುತ್ತದೆ. ನಮ್ಮ ದೋಣಿ ಹುಲ್ಲಿಗೆ ಬಾಯಿ ಹಾಕಿದ ಎಮ್ಮೆಯ ಹಾಗೆ ತಲೆ ತಗ್ಗಿಸಿ ಹೋಗುತ್ತಿತ್ತು. ಅದಕ್ಕೂ ನಾವು ಎಂಜಿನ್ ಹಳೇದು ಎಂದು ಕಾರಣ ಹೇಳಿದೆವು.

ಆ ಸಂಜೆ

ಒಂದೂವರೆ ವರ್ಷ ಹೀಗೇ ನಡೆಯಿತು. 2015ರ ಜನವರಿ. ನೀರು ಅರ್ಧ ಇಳಿದಿತ್ತು. ಹಿನ್ನೀರಿನ ಅಪಾಯ ನಿಮಗೆ ಗೊತ್ತಿದೆ. ಮುಳುಗಿದ ಕಾಡಿನ ಬೊಡ್ಡೆಗಳು ಇಂದಿಗೂ ನಿಂತಿವೆ. ಕೆರೆ ತುಂಬಿದಾಗ ಅವು ಆಳದಲ್ಲಿ, ಬೇಸಿಗೆಯಲ್ಲಿ ಕಣ್ಣಿಗೆ ಕಾಣುವ ಹಾಗೆ ಮೇಲೆ. ನಡುವಿನ ತಿಂಗಳುಗಳಲ್ಲಿ ನೀರಿನಿಂದ ಒಂದು ಗೇಣು ಕೆಳಗೆ ಕಾಯುತ್ತಾ ಇರುತ್ತವೆ.

ಸಂಜೆ ದೋಣಿ ಆಚೆ ಕೇರಿಗೆ ಹೊರಟಿತ್ತು. ದೋಣಿಯಣ್ಣ, ಶಾಲೆ ಬಿಟ್ಟ ಮೂರು ಮಕ್ಕಳು, ಒಬ್ಬ ಅಜ್ಜಿ, ನಾಲ್ಕು ಖಾಲಿ ಹಾಲಿನ ಕ್ಯಾನು. ಆ ದಡ ಇನ್ನು ನೂರು ಅಡಿ ಇರುವಾಗ ಎಂಜಿನ್ನಿನ ಕಾಲು ಬೊಡ್ಡೆಗೆ ಬಡಿಯಿತು. ಹಿಂಹಲಗೆ ಎಡಗಡೆಯ ಮೂಲೆಯಿಂದ ಹರಿದು, ಕಚ್ಚಿನ ತನಕ ಸೀಳಿ, ಎಂಜಿನ್ ಸಮೇತ ನೀರಿಗೆ ಹೋಯಿತು. ಹಿಂಬದಿ ಇಲ್ಲದ ದೋಣಿಗೆ ನೀರು ಬರಲು ಎಷ್ಟು ಹೊತ್ತು? ದೋಣಿಯಣ್ಣ ಕೂಗಿದ್ದು ಒಂದೇ ಮಾತು: "ಕ್ಯಾನು ತಬ್ಬಿಕೊಳ್ರೋ!" ಮುಚ್ಚಳ ಬಿಗಿದ ಖಾಲಿ ಕ್ಯಾನು ತೇಲುತ್ತದೆ. ಮಕ್ಕಳು ಒಬ್ಬೊಬ್ಬರು ಒಂದೊಂದು ಕ್ಯಾನು ತಬ್ಬಿಕೊಂಡರು. ಅಜ್ಜಿಯನ್ನು ದೋಣಿಯಣ್ಣ ಹೆಗಲಿಗೆ ಹಾಕಿಕೊಂಡು ಈಜಿದರು. ದಡದಲ್ಲಿದ್ದವರು ಹಾರಿ ಬಂದರು. ದೇವರ ದಯೆ, ಒಂದು ಜೀವವೂ ಹೋಗಲಿಲ್ಲ.

ಮುಂದಿನ ವಾರ ಆಡಳಿತ ಮಂಡಳಿ ಸಭೆ. "ಚಾಲಕರ ಅಜಾಗರೂಕತೆಯಿಂದ ದೋಣಿ ಬೊಡ್ಡೆಗೆ ಬಡಿದು ನಷ್ಟವಾಗಿದೆ" ಎಂದು ಬರೆದರು. ಆ ಸಭೆಯಲ್ಲಿ ನಾವೂ ಇದ್ದೆವು, ಸಹಿ ಹಾಕಿದೆವು. ದೋಣಿಯಣ್ಣನ ಎರಡು ತಿಂಗಳ ಸಂಭಾವನೆ ನಷ್ಟಕ್ಕೆ ಹಿಡಿದರು. ಅವರು ಒಂದು ಮಾತೂ ಆಡಲಿಲ್ಲ.

ಮೇ ತಿಂಗಳಲ್ಲಿ ನೀರು ಪೂರಾ ಇಳಿಯಿತು. ದನ ಮೇಯಿಸಲು ಹೋದ ಹುಡುಗರು ಕೆಸರಿನಲ್ಲಿ ಎಂಜಿನ್ ಕಂಡು ಬಂದು ಹೇಳಿದರು. ನಾವು ಆಚಾರ್ರ ಜೊತೆ ಹೋಗಿ ನೋಡಿದೆವು. ಕ್ಲಾಂಪಿನ ಎರಡು ಸ್ಕ್ರೂಗಳೂ ಬಿಗಿಯಾಗಿಯೇ ಇದ್ದವು. ಅವುಗಳ ಬಾಯಲ್ಲಿ ನಮ್ಮ ಹಿಂಹಲಗೆಯ ತುಂಡು ಹಾಗೇ ಕಚ್ಚಿಕೊಂಡಿತ್ತು. ಆಚಾರ್ರು ಆ ತುಂಡನ್ನು ಕೈಯಲ್ಲಿ ಹಿಡಿದು ಉಗುರಿನಿಂದ ಎಬ್ಬಿಸಿದರು. ಪದರ ಪದರ ಈರುಳ್ಳಿ ಸಿಪ್ಪೆಯ ಹಾಗೆ ಬಂತು. ಒಳಗಿನ ಹಸಿ ಹಲಗೆ ಕಪ್ಪಾಗಿ ಕೊಳೆತಿತ್ತು. ಸ್ಕ್ರೂಗಳು ತುಕ್ಕು ಹಿಡಿದು ಕಡ್ಡಿಯಷ್ಟು ಆಗಿದ್ದವು. ಆಚಾರ್ರು ನಮ್ಮ ಮುಖ ನೋಡಿದರು. "ಬೊಡ್ಡೆ ಬಡಿದದ್ದು ಹೌದು. ಆದರೆ ದೋಣಿ ಹೋದದ್ದು ಬೊಡ್ಡೆಯಿಂದ ಅಲ್ಲ" ಎಂದರು.

ಹಿಂಹಲಗೆ ಅಂದರೆ ನೊಗ

ಆ ವರ್ಷ ಸಹಕಾರಿಗಳ ಅಧ್ಯಯನ ಪ್ರವಾಸದಲ್ಲಿ ನಾವು ತಿರುವನಂತಪುರ, ಕನ್ಯಾಕುಮಾರಿ ಕಡೆಗೆ ಹೋದೆವು. ಅಲ್ಲಿ ಮೀನುಗಾರರ ಸಹಕಾರ ಸಂಘಗಳೆಲ್ಲ ಸೇರಿದ ಒಂದು ಒಕ್ಕೂಟ ಇದೆ. 1980ರಲ್ಲಿ ಆದದ್ದು, ಸಿಫ್ಸ್ ಎಂದು ಕರೆಯುತ್ತಾರೆ. 1980ರ ದಶಕದ ಮೊದಲಿನಲ್ಲಿ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ ಬೆಲ್ಜಿಯಂ ದೇಶದ ಪಿಯರ್ ಗಿಲೆ ಎಂಬ ಎಂಜಿನಿಯರರು ಅಲ್ಲಿನ ಮೀನುಗಾರರ ಜೊತೆ ಕೂತು ಪ್ಲೈವುಡ್ ದೋಣಿ ಮಾಡುವ ಕೆಲಸ ಬೆಳೆಸಿದರು. ಕಟ್ಟುಮರ ಬಿಟ್ಟು ಅನೇಕರು ಅಂಥ ದೋಣಿ ಹಿಡಿದರು. ಪ್ಲೈವುಡ್ ಹಾಳೆಗಳನ್ನು ತಂತಿಯಿಂದ ಹೊಲಿದು, ಹೊಲಿಗೆಯ ಮೇಲೆ ರಾಳದ ಅಂಟು ಮತ್ತು ಗಾಜಿನ ಬಟ್ಟೆಯ ಪಟ್ಟಿ ಹಚ್ಚುವ ಕ್ರಮ ಇದು. ಇಂಗ್ಲೆಂಡಿನಲ್ಲಿ 1963ರಲ್ಲಿ ಬಂದ ಮಿರರ್ ಎಂಬ ಸಣ್ಣ ದೋಣಿ ಈ ಕ್ರಮವನ್ನು ಮನೆಮನೆಗೆ ಮುಟ್ಟಿಸಿತು. ಸಾಧಾರಣ ಜನ ಮನೆಯ ಹಿತ್ತಲಲ್ಲಿ ದೋಣಿ ಕಟ್ಟಬಹುದು ಎಂದು ಅದು ತೋರಿಸಿತು.

ಅಲ್ಲಿನ ದಡದಲ್ಲಿ ಒಬ್ಬ ಮುದುಕರು ದೋಣಿ ರಿಪೇರಿ ಮಾಡುತ್ತಿದ್ದರು. ಅವರ ಭಾಷೆ ನಮಗೆ ಬಾರದು, ನಮ್ಮದು ಅವರಿಗೆ ಬಾರದು. ಕೈ ಸನ್ನೆಯಲ್ಲೇ ಮಾತು. ಅವರು ಹಿಂಹಲಗೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ತೋರಿಸಿದರು. ಗಟ್ಟಿ ಇದ್ದ ಕಡೆ ಟಕ್ ಟಕ್, ಒಳಗೆ ಪದರ ಬಿಟ್ಟ ಕಡೆ ಡಬ್ ಡಬ್. ಹಲಸಿನ ಹಣ್ಣು ಬಡಿದು ನೋಡುತ್ತೇವಲ್ಲ, ಹಾಗೆಯೇ. ಆಮೇಲೆ ಎರಡೂ ಕೈಯನ್ನು ಹೆಗಲ ಮೇಲೆ ಇಟ್ಟುಕೊಂಡು ನೊಗ ಹೊತ್ತ ಎತ್ತಿನ ಹಾಗೆ ಬಗ್ಗಿ ತೋರಿಸಿದರು. ನಮಗೆ ಆಗ ತಲೆಗೆ ಹೋಯಿತು. ಹಿಂಹಲಗೆ ಗಾಡಿಯ ಹಿಂದಿನ ಹಲಗೆ ಅಲ್ಲ. ಅದು ನೊಗ. ಹದಿನಾರು ಅಡಿ ದೋಣಿ, ಅದರಲ್ಲಿನ ಜನ, ಹಾಲು, ಎಲ್ಲವನ್ನೂ ಎಂಜಿನ್ ತಳ್ಳುವುದು ಆ ಒಂದು ಹಲಗೆಯ ಮೂಲಕ.

ಆ ತಳ್ಳುವಿಕೆ ಹೇಗೆ ಬೀಳುತ್ತದೆ ನೋಡಿ. ಫ್ಯಾನು ಇರುವುದು ಕೆಳಗೆ, ಕ್ಲಾಂಪು ಇರುವುದು ಎರಡು ಅಡಿ ಮೇಲೆ. ಹಾರೆ ಹಾಕಿ ಕಲ್ಲು ಎಬ್ಬಿಸುವ ಲೆಕ್ಕ. ಫ್ಯಾನು ಮುಂದಕ್ಕೆ ತಳ್ಳಿದರೆ ಬ್ರಾಕೆಟ್ಟಿನ ಕೆಳಭಾಗ ಹಲಗೆಯನ್ನು ಮುಂದಕ್ಕೆ ಒತ್ತುತ್ತದೆ, ಮೇಲಂಚನ್ನು ಕ್ಲಾಂಪು ಹಿಂದಕ್ಕೆ ಎಳೆಯುತ್ತದೆ. ಕಾಲು ಬೊಡ್ಡೆಗೆ ಬಡಿದಾಗ, ಎಂಜಿನ್ ಮೇಲಕ್ಕೆ ಏಳದಂತೆ ಕೊಂಡಿ ಬಿಗಿದಿದ್ದರೆ, ಇದು ಒಂದೇ ಏಟಿಗೆ ಉಲ್ಟಾ ಆಗುತ್ತದೆ. ಹಿಂದಕ್ಕೆ ಮುಂದಕ್ಕೆ ಅಲುಗಿಸಿದರೆ ಎಂಥ ಗೂಟವೂ ಕಿತ್ತು ಬರುತ್ತದೆ. ನಮ್ಮ ಹಿಂಹಲಗೆ ಒಂದೂವರೆ ವರ್ಷ ದಿನಕ್ಕೆ ಎರಡು ಸಲ ಹಾಗೆ ಅಲುಗುತ್ತಾ ಇತ್ತು.

ಎರಡನೇ ದೋಣಿಯ ಹಿಂಹಲಗೆ

2016ರಲ್ಲಿ ಎರಡನೇ ದೋಣಿ ಕಟ್ಟಿದೆವು. ಈ ಸಲ ಹಿಂಹಲಗೆಯಿಂದಲೇ ಶುರು ಮಾಡಿದೆವು. ಅಡಿಕೆ ಒಣಗಿಸುವ ಅಂಗಳವನ್ನು ಸಾರಿಸಿ, ಸೀಮೆಸುಣ್ಣದಲ್ಲಿ ನಿಜ ಅಳತೆಯಲ್ಲೇ ಬರೆದೆವು. ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಹದಿನಾರು ಇಂಚಿನ ರಟ್ಟಿನ ದೋಣಿ ಮಾಡಿ, ಮೇಣ ಹಚ್ಚಿ, ಎಂಜಿನ್ನಿನ ಬದಲು ಹಿಂದಕ್ಕೆ ಕಲ್ಲು ಕಟ್ಟಿ ಕೊಟ್ಟಿಗೆಯ ಬಾನಿಯಲ್ಲಿ ತೇಲಿಸಿ ನೋಡಿದೆವು. ಮಕ್ಕಳಿಗೆ ಆಟ, ನಮಗೆ ಪಾಠ. ಯಾರಾದರೂ ಮುಂದೆ ಮಾಡುವವರಿಗೆ ಉಪಯೋಗಕ್ಕೆ ಬರಲಿ ಎಂದು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು ಅಗಲ. ಎಂಜಿನ್ ಸುಮಾರು 40 ಕೆಜಿ, ನಡೆಸುವವರು 65 ಕೆಜಿ. ಇಬ್ಬರೂ ಇರುವುದು ದೋಣಿಯ ಕೊನೆಯಲ್ಲಿ. ಒಂದು ಘನ ಅಡಿ ನೀರು ಸುಮಾರು 28 ಕೆಜಿ ಹೊರುತ್ತದೆ. ಅಂದರೆ ಈ ಭಾರಕ್ಕೇ ಹಿಂದುಗಡೆ ನಾಲ್ಕು ಘನ ಅಡಿಯ ಹತ್ತಿರ ಜಾಗ ಬೇಕು. ಹಿಂಹಲಗೆ ಕಿರಿದಾದರೆ ಆ ಜಾಗ ಸಿಗುವುದಿಲ್ಲ, ದೋಣಿ ಕುಂಡೆ ಊರಿ ಮೂತಿ ಎತ್ತಿ ಕೂರುತ್ತದೆ. ಹಾಗೆಂದು ಬಹಳ ಅಗಲ ಮಾಡಿ ನೀರಿಗೆ ಆಳ ಇಳಿಸಿದರೆ ಇನ್ನೊಂದು ತೊಂದರೆ. ಎಂಜಿನ್ ಕೆಟ್ಟ ದಿನ ಹುಟ್ಟು ಹಾಕಬೇಕಲ್ಲ? ನೀರಿನಲ್ಲಿ ಇಳಿದ ಅಗಲ ಹಲಗೆಯ ಹಿಂದೆ ನೀರು ಸುಳಿ ತಿರುಗುತ್ತಾ ದೋಣಿಯನ್ನು ಹಿಂದಕ್ಕೆ ಜಗ್ಗುತ್ತದೆ. ಗದ್ದೆಯಲ್ಲಿ ಎತ್ತು ಕಟ್ಟದೆ ಕೈಯಲ್ಲಿ ಮರ ಹೊಡೆದ ಹಾಗೆ. ಬರೀ ಹುಟ್ಟಿನ ದೋಣಿಯಾದರೆ ಹಿಂಹಲಗೆ ಕಿರಿದಾಗಿ, ಅದರ ಕೆಳಂಚು ನೀರಿನಿಂದ ಮೇಲೆ ಇರಬೇಕು. ಎಂಜಿನ್ ದೋಣಿಗೆ ಅಗಲ ಬೇಕು. ನಮ್ಮದು ಎರಡೂ ಆಗಬೇಕಿತ್ತು. ಕೆಳಗೆ 42 ಇಂಚು, ಮೇಲೆ 54 ಇಂಚು ಇಟ್ಟೆವು. ಅಡಿಯನ್ನು ಹಿಂದಿನ ಮೂರನೇ ಒಂದು ಪಾಲಿನಲ್ಲಿ ಬಾಗಿಸದೆ ನೇರ ಬಿಟ್ಟೆವು. ಎಂಜಿನ್ ನಿಂತರೆ ದೋಣಿಯಣ್ಣ ಮುಂದಿನ ಹಲಗೆಗೆ ಹೋಗಿ ಕೂರುತ್ತಾರೆ, ಎರಡು ಕ್ಯಾನನ್ನೂ ಮುಂದಕ್ಕೆ ತಳ್ಳುತ್ತಾರೆ. ಹಿಂಬದಿ ತಾನಾಗಿ ಏಳುತ್ತದೆ, ಹುಟ್ಟಿಗೆ ಹಗುರವಾಗುತ್ತದೆ.

ಎರಡನೆಯದು ಎತ್ತರ. ಎಂಜಿನ್ ಮೊದಲು, ಹಲಗೆ ಆಮೇಲೆ. ಗಿಡ್ಡ ಶಾಫ್ಟಿಗೆ 15 ಇಂಚು, ಉದ್ದ ಶಾಫ್ಟಿಗೆ 20 ಇಂಚು. ಫ್ಯಾನಿನ ಮೇಲೆ ಒಂದು ಚಪ್ಪಟೆ ರೆಕ್ಕೆ ಇರುತ್ತದೆ. ಅದು ದೋಣಿಯ ಅಡಿಯ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಇಂಚು ಕೆಳಗೆ ಬರಬೇಕು. ಮೇಲಾದರೆ ಗಾಳಿ ಎಳೆಯುತ್ತದೆ, ಬಹಳ ಕೆಳಗಾದರೆ ನೀರು ತಡೆಯುತ್ತದೆ, ಬೊಡ್ಡೆಗೂ ಬೇಗ ಸಿಗುತ್ತದೆ. ನಾವು ಹಲಗೆಯ ಎರಡೂ ಪಕ್ಕ 20 ಇಂಚು ಇಟ್ಟು, ಎಂಜಿನ್ ಕೂರುವ ಜಾಗ ಮಾತ್ರ 15 ಇಂಚು ಮಾಡಿದೆವು. ತಗ್ಗಿನ ಮೂಲೆಗಳನ್ನು ಚೌಕ ಕಡಿಯದೆ ಗುಂಡಗೆ ತೆಗೆದೆವು, ಯಾಕೆಂದರೆ ಸೀಳು ಶುರುವಾಗುವುದು ಚೂಪು ಮೂಲೆಯಿಂದ. ಆ ತಗ್ಗಿನಿಂದ ತೆರೆ ಒಳಗೆ ಬಂದರೆ? ಅದಕ್ಕೆ ಒಂದೂಕಾಲು ಅಡಿ ಮುಂದೆ ಪೂರ್ತಿ ಎತ್ತರದ ಇನ್ನೊಂದು ಅಡ್ಡ ಹಲಗೆ ನಿಲ್ಲಿಸಿ ನಡುವೆ ತೊಟ್ಟಿಯ ಹಾಗೆ ಮಾಡಿದೆವು. ಬಂದ ನೀರು ಅಲ್ಲೇ ನಿಂತು ತೂತಿನಿಂದ ಹೊರಗೆ ಹೋಗುತ್ತದೆ.

ಮೂರನೆಯದು ವಾಲು. ಹಲಗೆ 12 ಡಿಗ್ರಿಯಷ್ಟು ಹಿಂದಕ್ಕೆ ವಾಲಬೇಕು. ಡಿಗ್ರಿ ಗಿಗ್ರಿ ನಮಗೆ ಬೇಡ ಅನ್ನುವವರು 15 ಇಂಚು ಎತ್ತರಕ್ಕೆ ಮೂರೂಕಾಲು ಇಂಚು ಹಿಂದೆ ಎಂದು ಗುರುತು ಹಾಕಿಕೊಳ್ಳಿ. ಹೀಗೆ ವಾಲಿಸಿದ ಮೇಲೆ ಹಲಗೆಯ ಅಂಚುಗಳನ್ನೆಲ್ಲ ಓರೆಯಾಗಿ ಕತ್ತರಿಸಬೇಕಾಗುತ್ತದೆ. ಹೊರಮುಖದ ಅಳತೆಯೇ ಬೇರೆ, ಒಳಮುಖದ ಅಳತೆಯೇ ಬೇರೆ. ದೊಡ್ಡ ಮುಖದ ಅಳತೆಗೆ ಕತ್ತರಿಸಿ, ಓರೆಯನ್ನು ಉಜ್ಜುಗೊರಡಿನಿಂದ ನಿಧಾನ ತೆಗೆಯಿರಿ. ಸಣ್ಣ ಮುಖದ ಅಳತೆಗೆ ಕತ್ತರಿಸಿದರೆ ಹಾಳೆ ದಂಡ.

ನಾಲ್ಕನೆಯದು ದಪ್ಪ. 19 ಮಿಲಿಮೀಟರಿನ ಎರಡು ಪದರ, ಒಟ್ಟು ಒಂದೂವರೆ ಇಂಚು. ಕ್ಲಾಂಪಿನ ಬಾಯಿ ಎಷ್ಟು ಅಗಲವಾಗುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಎಂಟಡಿ ನಾಲ್ಕಡಿ ಹಾಳೆ ಒಂದರಲ್ಲೇ ಎರಡು ಪದರವೂ ಬರುತ್ತದೆ, ಇನ್ನೂ ಮಿಗುತ್ತದೆ. ಮೊದಲ ಸಲ ನಾವು ಉಳಿಸಿದ್ದು ಇದೇ ಹಾಳೆಯನ್ನು. ಹಾಳೆಯ ಮೇಲೆ ಐ.ಎಸ್. 710 ಎಂಬ ಗುರುತು ಇರಬೇಕು, ಅದು ಮೆರೀನ್ ಪ್ಲೈವುಡ್. ಆ ದರ್ಜೆಯ ಅಂಟನ್ನು 72 ತಾಸು ನೀರಿನಲ್ಲಿ ಕುದಿಸಿ ಪರೀಕ್ಷೆ ಮಾಡುತ್ತಾರೆ. ನಾವು ಅಂಗಡಿಯವರ ಮಾತು ನಂಬದೆ, ಒಂದು ತುಂಡನ್ನು ಬಚ್ಚಲ ಹಂಡೆಯಲ್ಲಿ ಹಾಕಿ ಮೂರು ದಿನ ಬೆಂಕಿ ಆರದ ಹಾಗೆ ಕುದಿಸಿದೆವು. ಮನೆಯವರು "ಇದೇನು ಕಷಾಯವೇ?" ಎಂದು ಬೈದರು. ಪದರ ಬಿಡಲಿಲ್ಲ, ತಂದೆವು. ಎರಡು ಹಾಳೆ ಸೇರಿಸಲು ಎಪಾಕ್ಸಿ ಅಂಟು, ಬಿಳಿ ಅಂಟು ಅಲ್ಲ.

ಐದನೆಯದು ಮಂಡಿ. ದಪ್ಪ ಹಲಗೆ ಇದ್ದರೆ ಸಾಲದು, ಅದು ದೋಣಿಯ ಮೈಗೆ ಅಂಟಿರಬೇಕು. ಹಿಂಹಲಗೆಯ ನಡುವಿನಿಂದ ಅಡಿಯ ತೊಲೆಗೆ ಒಂದು ಮಂಡಿ, ಮೇಲಿನ ಎರಡು ಮೂಲೆಗೆ ಎರಡು ಮಂಡಿ. ನೇರ ಹಲಗೆಯಲ್ಲಿ ಮಂಡಿ ಕತ್ತರಿಸಿದರೆ ಎಳೆ ಅಡ್ಡಕ್ಕೆ ಬಂದು ಸೀಳುತ್ತದೆ. ನೇಗಿಲಿಗೆ ಬಾಗಿದ ಮರ ಹುಡುಕುತ್ತೇವಲ್ಲ, ಹಾಗೇ ಕವಲು ಇರುವ ತುಂಡು ಬೇಕು. ದೋಣಿಗೆ ಹೆಬ್ಬಲಸು ಎಂದು ಹಿಂದಿನವರು ಸುಮ್ಮನೆ ಹೇಳಲಿಲ್ಲ. ನಮ್ಮ ಭಾವನ ಹಿತ್ತಲಲ್ಲಿ ಗಾಳಿಗೆ ಬಿದ್ದ ಹಲಸಿನ ಕವಲು ಇತ್ತು. ಒಂದು ವರ್ಷ ನೆರಳಲ್ಲಿ ಒಣಗಿದ್ದು. ಅದನ್ನೇ ಹಾಕಿದೆವು. ನಡುವಿನ ಮಂಡಿ ಹತ್ತು ಇಂಚು ಎತ್ತರ, ಒಂದೂವರೆ ಅಡಿ ಉದ್ದ. ಕ್ಲಾಂಪಿನ ಕೈಗೆ ತಾಗದ ಹಾಗೆ ಅದನ್ನು ತಗ್ಗಿನಲ್ಲೇ ನಿಲ್ಲಿಸಿದೆವು. ಹಲಗೆಯೂ ಪಕ್ಕವೂ ಸೇರುವ ಸಂದಿಗೆ ಎಪಾಕ್ಸಿಯಲ್ಲಿ ನಯವಾದ ಮರದ ಹುಡಿ ಕಲಸಿ, ಹೋಳಿಗೆ ಹೂರಣದಷ್ಟು ಗಟ್ಟಿ ಮಾಡಿ ಗುಂಡಗೆ ತುಂಬಿ, ಮೇಲೆ ಗಾಜಿನ ಬಟ್ಟೆ ಹಚ್ಚಿದೆವು.

ಆರನೆಯದು ನೀರು. ಪ್ಲೈವುಡ್ಡಿಗೆ ನೀರು ಹೋಗುವುದು ಮುಖದಿಂದ ಅಲ್ಲ, ಅಂಚಿನಿಂದ ಮತ್ತು ತೂತಿನಿಂದ. ಅಂಚುಗಳಿಗೆ ಮೂರು ಸಲ ಎಪಾಕ್ಸಿ ಕುಡಿಸಿದೆವು. ಪ್ರತಿ ಬೋಲ್ಟಿನ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ತೂತು ಮಾಡಿದೆವು. ಬೋಲ್ಟು ಎಲ್ಲಾ ಸ್ಟೀಲಿನವು. ಕ್ಲಾಂಪು ಕಚ್ಚುವ ಜಾಗಕ್ಕೆ ಅಲ್ಯೂಮಿನಿಯಂ ತಗಡು. ಕೆಳ ಮೂಲೆಯಲ್ಲಿ ನೀರು ಬಿಡುವ ಒಂದು ತೂತು, ಅದಕ್ಕೆ ಹಿತ್ತಾಳೆ ಬಿರಡೆ. ಬಿರಡೆ ಹಾಕಲು ಮರೆತು ಉದ್ಘಾಟನೆ ದಿನವೇ ಮಾಜಿ ಅಧ್ಯಕ್ಷರ ಪಂಚೆ ಒದ್ದೆ ಮಾಡಿದ್ದು ಎಲ್ಲರಿಗೂ ನೆನಪಿದೆ, ಅದನ್ನು ಮತ್ತೆ ಹೇಳುವುದಿಲ್ಲ.

ಇನ್ನು ಎರಡು ಮಾತು ಹಿಂಹಲಗೆಗೆ ಸೇರಿದ್ದಲ್ಲ, ಆದರೂ ಬಿಡುವಂತಿಲ್ಲ. ಎಂಜಿನ್ನಿಗೆ ಒಂದು ಸರಪಳಿ ಕಟ್ಟಿ ದೋಣಿಗೆ ಬಿಗಿಯಿರಿ. ಮುಂದಕ್ಕೆ ಹೋಗುವಾಗ ಎಂಜಿನ್ ಏಳದಂತೆ ಹಿಡಿಯುವ ಕೊಂಡಿಯನ್ನು ಬಿಟ್ಟಿರಿ, ಬೊಡ್ಡೆ ತಾಗಿದರೆ ಕಾಲು ತಾನೇ ಮೇಲೆ ಏಳಲಿ. ಕೂರುವ ಹಲಗೆಗಳ ಕೆಳಗೆ ತೇಲುವ ಡಬ್ಬಿ ಕಟ್ಟಿರಿ. ಪ್ರತಿಯೊಬ್ಬರಿಗೂ ಜಾಕೆಟ್ಟು ಇರಲಿ. ಒಳನಾಡು ಹಡಗುಗಳಿಗೆ 2021ರ ಕಾಯಿದೆ ಇದೆ. ನೋಂದಣಿ, ಅನುಮತಿ ಏನು ಬೇಕು ಎಂದು ಕೇಳಿ ಮಾಡಿಸಿಕೊಂಡೇ ಜನರನ್ನು ಹತ್ತಿಸಿ.

ಕೊನೆಯ ಮಾತು

ಎರಡನೇ ದೋಣಿ ಮೊದಲ ದಿನ ನೀರಿಗಿಳಿದಾಗ ಆಚೆ ಕೇರಿಯವರು ಯಾರೂ ಹತ್ತಲಿಲ್ಲ. ನ್ಯಾಯವೇ. ಆವತ್ತು ನೀರಿಗೆ ಬಿದ್ದಿದ್ದ ಅಜ್ಜಿಯೇ ದಡಕ್ಕೆ ಬಂದು, "ತಮಾ, ಈ ಸಲ ಹಿಂದೆ ಗಟ್ಟಿ ಮಾಡಿದ್ಯಾ?" ಎಂದು ಕೇಳಿದರು. "ಮಾಡಿದ್ದೇವೆ ಅಜ್ಜಿ" ಎಂದೆವು. ಅವರು ಕೋಲಿನಿಂದ ಹಿಂಹಲಗೆಗೆ ಎರಡು ಏಟು ಬಡಿದು ಕೇಳಿ, ಆಮೇಲೆ ಹತ್ತಿದರು. ಅವರ ಹಿಂದೆ ಉಳಿದವರು ಹತ್ತಿದರು. ಒಂಬತ್ತು ವರ್ಷವಾಯಿತು. ಬೊಡ್ಡೆಗೆ ಆಮೇಲೂ ಮೂರು ನಾಲ್ಕು ಸಲ ತಾಗಿದೆ. ಫ್ಯಾನಿನ ಎಸಳು ಹೋಗಿದೆ, ಹಿಂಹಲಗೆ ಹೋಗಿಲ್ಲ. ಪ್ರತಿ ಬೇಸಿಗೆ ದೋಣಿ ಎಳೆದು ಮಗುಚಿ, ಗೆಣ್ಣಿನಿಂದ ಬಡಿದು ಕೇಳಿ, ಬಣ್ಣ ಹಚ್ಚುತ್ತೇವೆ.

ಆದರೆ ಒಂದು ಕೆಲಸ ಉಳಿದಿದೆ. 2015ರ ನಡಾವಳಿಯಲ್ಲಿ "ಚಾಲಕರ ಅಜಾಗರೂಕತೆ" ಎಂಬ ಮಾತು ಹಾಗೇ ಇದೆ. ಮೇ ತಿಂಗಳಲ್ಲಿ ಆ ಕೊಳೆತ ತುಂಡು ಕಂಡ ಮೇಲೂ ನಾವು ಸಭೆಯಲ್ಲಿ ಬಾಯಿ ಬಿಡಲಿಲ್ಲ. ದೋಣಿಯಣ್ಣನ ಮನೆಗೆ ಹೋಗಿ ಕೈ ಮುಗಿದು ಬಂದೆವು, ಹಿಡಿದಿದ್ದ ಹಣವನ್ನು ನಮ್ಮ ಕೈಯಿಂದ ಕೊಟ್ಟೆವು. ಅವರು "ಇರಲಿ ಬಿಡಿ, ಮಕ್ಕಳು ಉಳಿದವಲ್ಲ" ಎಂದರು. ಇಂದಿಗೂ ಅದೇ ದೋಣಿ ನಡೆಸುತ್ತಿದ್ದಾರೆ, ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಆದರೆ ಗುಟ್ಟಾಗಿ ಕೈ ಮುಗಿದರೆ ಪುಸ್ತಕದಲ್ಲಿ ಬರೆದದ್ದು ಅಳಿಸುವುದಿಲ್ಲ. ಆವತ್ತು ತಪ್ಪಿದ್ದು ಚಾಲಕರಲ್ಲ, ಹಲಗೆ. ಹಲಗೆ ತೆಳುವಾಗಲಿ ಎಂದವರು ನಾವು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದನ್ನು ತಿದ್ದಿ ಠರಾವು ಮಾಡಬೇಕು ಎಂದು ನಾವೇ ಅರ್ಜಿ ಕೊಟ್ಟಿದ್ದೇವೆ. ಸದಸ್ಯರು ದಯವಿಟ್ಟು ಒಪ್ಪಬೇಕು.

ಸಂಘದ ಹಣ ಉಳಿಸುವುದು ಒಳ್ಳೆಯದೇ. ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂದು ತಿಳಿಯಲು ನಮಗೆ ಒಂದು ದೋಣಿ ಬೇಕಾಯಿತು. ಮುಂದಿನವರಿಗೆ ಅಷ್ಟು ಖರ್ಚು ಆಗದಿರಲಿ ಎಂದು ಇಷ್ಟು ಹೇಳಿದೆವು. ಮಾತು ಉದ್ದವಾಗಿದ್ದರೆ ಕ್ಷಮೆ ಇರಲಿ. ಹಾಲಿನ ಹೊತ್ತಾಯಿತು.

ಜೈ ಸಹಕಾರ.